ಮಾತಾಡುವ ನಾಯಿಯ ಕಾಮಿಡಿ ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಮನೆ, ನಾಲ್ಕೈದು ಜನ ನಟರು, ಒಂದು ನಾಯಿ. ಆ ನಾಯಿಗೆ ಮಾತು ಬರುತ್ತದೆ. ಇಷ್ಟೇ ಬಂಡವಾಳ ಇಟ್ಟುಕೊಂಡು ಪ್ರಪಂಚದ ಎಷ್ಟೋ ಕಡೆ ಸಿನಿಮಾ ತೆಗೆಯುತ್ತಾರೆ. ನಾನು ಇಂಥ ಸಿನಿಮಾಗಳ ಎಡಿಟಿಂಗ್‌ನಲ್ಲಿ ಕೆಲಸ ಮಾಡಿದ್ದೇನೆ. ಮನೆಯಲ್ಲಿ ಮಕ್ಕಳ ಜೊತೆ ಕೂತು ಇಷ್ಟಪಟ್ಟು ನೋಡುತ್ತೇನೆ ಕೂಡ. ನೋಡುವವರು, ತೆಗೆಯಬೇಕು ಅನ್ನುವವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ.

ದುಡ್ಡು ಕಡಿಮೆ ಇರುವವರು ಇದೇ ಕಥೆಯನ್ನು ಯಾಕೆ ಹಿಡಿಯುತ್ತಾರೆ?

ದೊಡ್ಡ ಸ್ಟಾರ್ ಬೇಕಾಗಿಲ್ಲ. ಪೋಸ್ಟರ್ ಮೇಲೆ ನಾಯಿಯ ಮುಖ ಇದ್ದರೆ ಸಾಕು, ಇದು ಎಂಥ ಸಿನಿಮಾ ಅಂತ ಓದು ಬಾರದ ಮಗುವಿಗೂ ಗೊತ್ತಾಗುತ್ತದೆ. ಕಥೆ ಬಹುಪಾಲು ಮನೆಯೊಳಗೇ ನಡೆಯುತ್ತದೆ. ಅಜ್ಜಿ, ಮೊಮ್ಮಗು ಎಲ್ಲರೂ ಒಟ್ಟಿಗೆ ಕೂತು ನೋಡಬಹುದು.

ಇನ್ನೊಂದು ಕಾರಣ ಎಡಿಟಿಂಗ್ ರೂಮಿನವರಿಗೆ ಚೆನ್ನಾಗಿ ಗೊತ್ತು. ನಾಯಿಯ ಮಾತನ್ನು ಶೂಟಿಂಗ್ ಮುಗಿದ ಮೇಲೂ ಬದಲಾಯಿಸಬಹುದು. ಒಂದು ಸೀನ್ ಸಪ್ಪೆ ಆಯಿತಾ? ಹೊಸ ಸಾಲು ಬರೆದು, ಡಬ್ಬಿಂಗ್ ಮಾಡಿಸಿ, ಅದೇ ಶಾಟ್ ಮೇಲೆ ಕೂರಿಸಿದರಾಯಿತು. ಕಥೆಯ ಕೊಂಡಿಯೊಂದು ತಪ್ಪಿದೆ, ಮತ್ತೆ ಶೂಟ್ ಮಾಡೋಣ ಅಂದರೆ ದುಡ್ಡಿಲ್ಲ. ಆಗ ನಾಯಿ ಒಂದೇ ಮಾತಲ್ಲಿ ಆ ಕೊಂಡಿ ಸೇರಿಸಿಬಿಡುತ್ತದೆ.

ಚಿಕ್ಕ ಬಂಡವಾಳದ ನಾಯಿ ಸಿನಿಮಾ ಗೆದ್ದಿದ್ದಕ್ಕೆ ಹಳೆಯ ಉದಾಹರಣೆಯೂ ಇದೆ. 1974ರ 'ಬೆಂಜಿ'. ಅದರಲ್ಲಿ ನಾಯಿ ಮಾತಾಡುವುದಿಲ್ಲ, ಆದರೆ ಇಡೀ ಕಥೆ ನಾಯಿಯ ಕಣ್ಣಲ್ಲೇ ಸಾಗುತ್ತದೆ. ಸುಮಾರು 5 ಲಕ್ಷ ಡಾಲರ್‌ನಲ್ಲಿ ತಯಾರಾದ ಸಿನಿಮಾ. ದೊಡ್ಡ ಸ್ಟುಡಿಯೋಗಳು ಬೇಡ ಅಂದವು. ನಿರ್ದೇಶಕ ಜೋ ಕ್ಯಾಂಪ್ ತಾವೇ ಹಂಚಿಕೆ ಕಂಪನಿ ಕಟ್ಟಿ ಬಿಡುಗಡೆ ಮಾಡಿದರು. ಅದು ಕೋಟಿಗಟ್ಟಲೆ ಡಾಲರ್ ಗಳಿಸಿತು.

ನಾಯಿ ಮಾತಾಡುವುದನ್ನು ತೋರಿಸುವುದು ಹೇಗೆ?

ಎಲ್ಲಕ್ಕಿಂತ ಸುಲಭದ ದಾರಿ ಬಾಯಿ ಆಡಿಸದೆ ದನಿ ಮಾತ್ರ ಕೇಳಿಸುವುದು. 1993ರ 'ಹೋಮ್‌ವರ್ಡ್ ಬೌಂಡ್' ಹೀಗೇ ಇದೆ. ಎರಡು ನಾಯಿ, ಒಂದು ಬೆಕ್ಕು. ಮೂರರ ಮಾತೂ ನಮಗೆ ಕೇಳುತ್ತದೆ, ಯಾವುದರ ಬಾಯಿಯೂ ಅಲ್ಲಾಡುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅದು ನಮ್ಮ ಗಮನಕ್ಕೇ ಬರುವುದಿಲ್ಲ.

ಇನ್ನೊಂದು ದಾರಿ ಗ್ರಾಫಿಕ್ಸ್. ನಿಜವಾದ ನಾಯಿಯನ್ನು ಶೂಟ್ ಮಾಡಿ, ಬಾಯಿಯ ಭಾಗವನ್ನು ಮಾತ್ರ ಕಂಪ್ಯೂಟರ್‌ನಲ್ಲಿ ಹೊಸದಾಗಿ ಮಾಡುತ್ತಾರೆ. ಈ ದಾರಿಯನ್ನು ಪ್ರಪಂಚಕ್ಕೆ ತೋರಿಸಿದ್ದು ಹಂದಿಮರಿಯ ಕಥೆಯ 'ಬೇಬ್', 1995ರಲ್ಲಿ. ನಿಜವಾದ ಪ್ರಾಣಿಗಳು, ಯಂತ್ರದ ಬೊಂಬೆಗಳು, ಕಂಪ್ಯೂಟರ್ ಬಾಯಿ ಮೂರನ್ನೂ ಬೆರೆಸಿ ಮಾಡಿದರು. ವಿಷುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಬಂತು.

ಬೊಂಬೆ ತಲೆಯೊಂದನ್ನೇ ನೆಚ್ಚಿಕೊಳ್ಳುವುದು ಚಿಕ್ಕ ಬಜೆಟ್ಟಿಗೆ ಒಗ್ಗುವುದಿಲ್ಲ. ಒಳ್ಳೆಯ ಬೊಂಬೆಗೆ ತುಂಬಾ ದುಡ್ಡು ಬೇಕು. ಅಗ್ಗದ ಬೊಂಬೆಗೆ ಕಣ್ಣಲ್ಲಿ ಜೀವ ಇರುವುದಿಲ್ಲ, ಪುಟ್ಟ ಮಕ್ಕಳು ಹೆದರುತ್ತಾರೆ.

ಬಾಯಿ ಒಂದನ್ನು ಆಡಿಸಲು ಯಾಕೆ ಅಷ್ಟು ಖರ್ಚು?

ಲೆಕ್ಕ ಹಾಕಿ ನೋಡಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ನಾಯಿ 3 ಸೆಕೆಂಡಿನ ಒಂದು ಮಾತಾಡಿದರೆ 72 ಫ್ರೇಮ್. ಅಂಥ 100 ಮಾತಿಗೆ 7,200 ಫ್ರೇಮ್. ತಲೆ ಸ್ವಲ್ಪ ಅಲ್ಲಾಡಿದರೂ ಬಾಯಿ ಅದರ ಜೊತೆಗೇ ಹೋಗಬೇಕು. ಕೂದಲು, ಮೀಸೆ, ಹಲ್ಲು, ಬಾಯೊಳಗಿನ ಕತ್ತಲೆ, ಒದ್ದೆ ಮೂಗಿನ ಮೇಲಿನ ಬೆಳಕು, ಒಂದೊಂದೂ ಹೊಂದಬೇಕು.

ಸೆಕೆಗೆ ನಾಯಿ ಏದುಸಿರು ಬಿಡುತ್ತಿದ್ದರೆ ಕೆಲಸ ಎರಡರಷ್ಟು. ಹೊರಗೆ ಚಾಚಿದ ನಿಜವಾದ ನಾಲಿಗೆಯನ್ನು ಮೊದಲು ಅಳಿಸಬೇಕು, ಆಮೇಲೆ ಹೊಸದನ್ನು ಕೂರಿಸಬೇಕು.

ಆಮೇಲೆ ಪ, ಬ, ಮ ಇವೆಯಲ್ಲ. ಈ ಅಕ್ಷರಗಳಿಗೆ ತುಟಿ ಮುಚ್ಚಲೇಬೇಕು. ನಾಯಿಯ ತುಟಿ ನಮ್ಮ ಹಾಗೆ ಮುಂದೆ ಬಂದು ಸೇರುವುದಿಲ್ಲ. 'ಅಪ್ಪ', 'ಅಮ್ಮ', 'ಬಾ' ಅನ್ನುವಾಗ ತುಟಿ ಮುಚ್ಚದಿದ್ದರೆ ನೋಡುವವರಿಗೆ ಏನೋ ತಪ್ಪಿದೆ ಅಂತ ತಕ್ಷಣ ಅನ್ನಿಸುತ್ತದೆ. ಬಲವಂತವಾಗಿ ಮುಚ್ಚಿಸಿದರೆ ರಬ್ಬರ್ ಮುಖ ಆಗುತ್ತದೆ. ಅದಕ್ಕೇ ಸಂಭಾಷಣೆ ಬರೆಯುವವರಿಗೆ ನಾನು ಒಂದು ಮಾತು ಹೇಳುತ್ತೇನೆ: ಕ್ಲೋಸಪ್‌ನಲ್ಲಿ ನಾಯಿ ಹೇಳುವ ಸಾಲಿನಲ್ಲಿ ಪ-ಬ-ಮ ಕಡಿಮೆ ಇರಲಿ. ಅಂಥ ಮಾತುಗಳನ್ನು ನಾಯಿ ಆ ಕಡೆ ತಿರುಗಿದಾಗ ಹೇಳಿಸಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಈಗ ಎಐ ಇದೆಯಲ್ಲ, ಅದರಲ್ಲೇ ಮಾಡಿದರೆ ಆಗಲ್ವಾ?

ಆಗುತ್ತದೆ, ಮೊದಲಿಗಿಂತ ಸುಲಭವೂ ಆಗಿದೆ. ಆದರೆ ಮೊಬೈಲ್‌ನಲ್ಲಿ ಚೆನ್ನಾಗಿ ಕಂಡ ಶಾಟನ್ನು ದೊಡ್ಡ ಪರದೆಯ ಮೇಲೆ ಹಾಕಿ ನೋಡಿ. ಮೂತಿಯ ಕೂದಲು ಫ್ರೇಮಿನಿಂದ ಫ್ರೇಮಿಗೆ ನಡುಗುತ್ತಿರುತ್ತದೆ. ಹಲ್ಲು ಮನುಷ್ಯರ ಹಲ್ಲಿನ ಹಾಗೆ ಆಗಿರುತ್ತದೆ. ಒಂದೊಂದು ಶಾಟನ್ನೂ ಕೂತು ತಿದ್ದುವ ತಾಳ್ಮೆ ಇದ್ದರೆ ಬಳಸಿ.

ಬಾಯಿ ಅಲ್ಲಾಡದಿದ್ದರೆ ಜನ ಒಪ್ಪುತ್ತಾರಾ?

ಒಪ್ಪುತ್ತಾರೆ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

1920ರ ಸುಮಾರಿಗೆ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದರು. ಒಬ್ಬ ನಟನ ಯಾವ ಭಾವವೂ ಇಲ್ಲದ ಮುಖ. ಅದರ ಪಕ್ಕಕ್ಕೆ ಒಮ್ಮೆ ಸೂಪ್ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಒಬ್ಬ ಹೆಂಗಸಿನ ಶಾಟ್ ಜೋಡಿಸಿದರು. ಮುಖ ಅದೇ. ಆದರೆ ನೋಡಿದವರಿಗೆ ಅದರಲ್ಲಿ ಹಸಿವು, ದುಃಖ, ಆಸೆ ಕಂಡವು. ನಾಯಿಯ ಮುಖಕ್ಕೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ. ನಾಯಿ ಸುಮ್ನೆ ಬಾಗಿಲ ಕಡೆ ನೋಡುತ್ತಿರಲಿ. ಬಾಗಿಲ ಹಿಂದೆ ಏನಿದೆ ಅಂತ ನೀವು ತೋರಿಸಿ. ಮಿಕ್ಕಿದ್ದನ್ನು ನೋಡುವವರು ತಾವೇ ತುಂಬಿಕೊಳ್ಳುತ್ತಾರೆ.

ನಾಯಿಯ ಮುಖವೂ ನಮ್ಮ ಜೊತೆ ಮಾತಾಡಲೆಂದೇ ಬದಲಾಗಿದೆ ಅನ್ನಬಹುದು. ಹುಬ್ಬಿನ ಒಳತುದಿಯನ್ನು ಮೇಲೆತ್ತುವ ಒಂದು ಪುಟ್ಟ ಸ್ನಾಯು ನಾಯಿಗಳಲ್ಲಿದೆ. ತೋಳಗಳಲ್ಲಿ ಅದು ಸರಿಯಾಗಿ ಬೆಳೆದೇ ಇಲ್ಲ. ನಾಯಿಗಳ ವರ್ತನೆ ಅಧ್ಯಯನ ಮಾಡುವ ವಿಜ್ಞಾನಿ ಜೂಲಿಯಾನ್ ಕಾಮಿನ್ಸ್ಕಿ ಮತ್ತು ಅವರ ತಂಡ 2019ರಲ್ಲಿ ಇದನ್ನು ಪ್ರಕಟಿಸಿತು. ಆ ಹುಬ್ಬು ಎತ್ತಿದಾಗ ಕಣ್ಣು ದೊಡ್ಡದಾಗಿ, ಮಗುವಿನ ಕಣ್ಣಿನ ಹಾಗೆ ಕಾಣುತ್ತದೆ. ಇಷ್ಟು ಒಳ್ಳೆ ನಟನೆ ಪುಕ್ಕಟೆ ಸಿಗುವಾಗ ಬಾಯಿ ಹಿಂದೆ ಯಾಕೆ ಓಡಬೇಕು?

ಒಂದು ಶಾಟ್ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಪಕ್ಕದ ಕೋಣೆಯಲ್ಲಿ ಅಪ್ಪ ಅಮ್ಮ ಜಗಳ ಆಡುತ್ತಿದ್ದಾರೆ. ಹುಡುಗ ಮಂಚದ ಕೆಳಗೆ ಕೂತಿದ್ದಾನೆ. ನಾಯಿ ಗದ್ದ ನೆಲಕ್ಕೆ ಇಟ್ಟು ಮಲಗಿದೆ. ಒಂದು ದನಿ ಜೋರಾದ ಕೂಡಲೇ ಎಡ ಕಿವಿ ಮೇಲೆದ್ದಿತು. ಮತ್ತೆ ಇಳಿಯಿತು. ಕಣ್ಣು ಬಾಗಿಲಿಂದ ಹುಡುಗನ ಕಡೆ, ಹುಡುಗನಿಂದ ಬಾಗಿಲ ಕಡೆ. ಸ್ಕ್ರಿಪ್ಟಿನಲ್ಲಿ ನಾಯಿಗೆ ಐದು ಸಾಲಿನ ಸಮಾಧಾನದ ಮಾತಿತ್ತು. ಒಂದೊಂದೇ ಸಾಲು ತೆಗೆಯುತ್ತಾ ಬಂದೆವು. ಕೊನೆಗೆ ಉಳಿದದ್ದು "ನಾನಿದ್ದೀನಲ್ಲ" ಅಷ್ಟೆ. ಅದೂ ಕಿವಿ ಇಳಿದ ಮೇಲೆ, ಒಂದು ಉಸಿರಿನಷ್ಟು ಹೊತ್ತು ಬಿಟ್ಟು. ಆ ಶಾಟಿಗೆ ಗ್ರಾಫಿಕ್ಸ್ ಹಾಕಲು ದುಡ್ಡು ಎತ್ತಿಟ್ಟಿದ್ದೆವು. ಯಾರೂ ಮತ್ತೆ ಆ ವಿಷಯ ಎತ್ತಲಿಲ್ಲ.

ಗ್ರಾಫಿಕ್ಸ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ನಾಯಿ ಮೊದಲ ಸಲ ಮಾತಾಡುವ ಸೀನ್ ಇರುತ್ತದಲ್ಲ, ಅಲ್ಲಿ ಬಾಯಿ ಆಡಿದರೆ ಮಕ್ಕಳು ಕೂತಲ್ಲೇ ಕುಣಿಯುತ್ತಾರೆ. ಆ ಸೀನಿಗೆ, ಇನ್ನು ನಾಲ್ಕೈದು ಮುಖ್ಯ ಜಾಗಕ್ಕೆ ದುಡ್ಡು ಹಾಕಿ. ಉಳಿದ ಕಡೆ ನಾಯಿಯ ಬೆನ್ನು ಕಾಣಲಿ, ಕಿವಿ ಕಾಣಲಿ, ಕೇಳುತ್ತಿರುವ ಹುಡುಗನ ಮುಖ ಕಾಣಲಿ.

ಪೀನಟ್ ಬಟರ್ ತಿನ್ನಿಸಿ ಬಾಯಿ ಆಡಿಸುತ್ತಾರಂತೆ, ನಿಜವಾ?

ಇದು 1961ರಿಂದ 1966ರವರೆಗೆ ಬಂದ 'ಮಿಸ್ಟರ್ ಎಡ್' ಅನ್ನುವ ಮಾತಾಡುವ ಕುದುರೆಯ ಟಿವಿ ಸರಣಿಯಿಂದ ಹಬ್ಬಿದ ಮಾತು. ಆ ಕಥೆ ತಾವೇ ಹುಟ್ಟಿಸಿದ್ದು ಅಂತ ಕುದುರೆಯ ಜೊತೆ ನಟಿಸಿದ್ದ ಅಲನ್ ಯಂಗ್ ಆಮೇಲೆ ಹೇಳಿದರು. ಮೊದಮೊದಲು ತುಟಿಯ ಕೆಳಗೆ ನೈಲಾನ್ ದಾರ ಇಡುತ್ತಿದ್ದರು. ಕೊನೆಗೆ ಕುದುರೆ ಸನ್ನೆ ನೋಡಿ ತಾನೇ ತುಟಿ ಆಡಿಸಲು ಕಲಿಯಿತು.

ಅದಕ್ಕೂ ಹಿಂದೆ, ಸಿನಿಮಾಕ್ಕೆ ಆಗ ತಾನೇ ದನಿ ಬಂದ ಕಾಲದಲ್ಲಿ, 1929ರಿಂದ 1931ರವರೆಗೆ ಬರೀ ನಾಯಿಗಳೇ ನಟಿಸಿದ ಕಿರುಚಿತ್ರಗಳ ಒಂದು ಸರಣಿ ಬಂದಿತ್ತು. ನಾಯಿಗಳಿಗೆ ಬಟ್ಟೆ ತೊಡಿಸಿ, ಹಿಂಗಾಲ ಮೇಲೆ ನಿಲ್ಲಿಸಿ, ಮನುಷ್ಯರ ದನಿ ಕೊಟ್ಟಿದ್ದರು. ಈಗ ಹಾಗೆ ಮಾಡಬಾರದು. ತುಂಬಾ ಹೊತ್ತು ಹಿಂಗಾಲ ಮೇಲೆ ನಿಲ್ಲಿಸಿದರೆ ನಾಯಿಯ ಬೆನ್ನಿಗೂ ಸೊಂಟಕ್ಕೂ ಪೆಟ್ಟು.

ನಿಮ್ಮ ನಾಯಿಗೆ ಪೀನಟ್ ಬಟರ್ ನೆಕ್ಕಿಸಿ ಶೂಟ್ ಮಾಡುವ ಯೋಚನೆ ಇದ್ದರೆ ಡಬ್ಬಿಯ ಲೇಬಲ್ ಓದಿ. ಸಕ್ಕರೆ ಬದಲು ಕ್ಸೈಲಿಟಾಲ್ ಹಾಕಿದ ಪೀನಟ್ ಬಟರ್ ಇರುತ್ತದೆ. ಅದು ನಾಯಿಗೆ ವಿಷ. ಸ್ವಲ್ಪ ಹೊಟ್ಟೆಗೆ ಹೋದರೂ ರಕ್ತದ ಸಕ್ಕರೆ ದಿಢೀರ್ ಅಂತ ಇಳಿಯುತ್ತದೆ, ಜಾಸ್ತಿ ಆದರೆ ಲಿವರ್ ಹಾಳಾಗುತ್ತದೆ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ ಇವನ್ನೂ ಸೆಟ್‌ನಲ್ಲಿ ನಾಯಿಗೆ ಎಟುಕುವ ಹಾಗೆ ಇಡಬಾರದು. ಅದರಲ್ಲೂ ಚಿಕ್ಕ ಮಕ್ಕಳು ಇರುವ ಸೆಟ್‌ನಲ್ಲಿ. ಮಕ್ಕಳು ಪ್ರೀತಿಯಿಂದ ತಮ್ಮ ಕೈಯಲ್ಲಿದ್ದದ್ದನ್ನು ಕೊಟ್ಟುಬಿಡುತ್ತಾರೆ.

ನಾಯಿಯ ಮಾತು ಯಾರಿಗೆಲ್ಲ ಕೇಳಬೇಕು?

ಬರೆಯಲು ಕೂರುವ ಮೊದಲೇ ಇದನ್ನು ತೀರ್ಮಾನ ಮಾಡಿ, ಕೊನೆಯವರೆಗೂ ಮುರಿಯಬೇಡಿ. ನೋಡುವವರಿಗೆ ಮಾತ್ರ ಕೇಳಿದರೆ ನಾಯಿ ಕಥೆ ಹೇಳುವವನಾಗುತ್ತದೆ. ಮನೆಯವರಿಗೆಲ್ಲ ಕೇಳಿದರೆ ಅದು ಇನ್ನೊಬ್ಬ ಸಂಸಾರಸ್ಥ ಆಗಿಬಿಡುತ್ತದೆ, ಅರ್ಧ ಗಂಟೆಯೊಳಗೆ ಸೋಜಿಗ ಕರಗುತ್ತದೆ. ಒಬ್ಬರಿಗೆ ಮಾತ್ರ ಕೇಳುವುದು ನನಗೆ ಹೆಚ್ಚು ಇಷ್ಟ. ಆ ಒಬ್ಬರು ಮಗು ಆದರೆ ಇನ್ನೂ ಒಳ್ಳೆಯದು. ಮಗು ಹೇಳುವುದನ್ನು ದೊಡ್ಡವರು ನಂಬುವುದಿಲ್ಲ ಅನ್ನುವುದು ಎಲ್ಲ ಮನೆಯಲ್ಲೂ ದಿನಾ ನಡೆಯುವ ಸಂಗತಿ. ಕಾಮಿಡಿಯೂ ಅಲ್ಲೇ ಹುಟ್ಟುತ್ತದೆ, ನೋವೂ ಅಲ್ಲೇ ಇರುತ್ತದೆ.

ಯಾಕೆ ಮಾತು ಬಂತು ಅಂತ ವಿವರಿಸಬೇಕಾ? ಬೇಕಾಗಿಲ್ಲ. ಸಿಡಿಲು, ವಿಜ್ಞಾನಿ, ಮಂತ್ರದ ಮೂಳೆ ಅಂತ ಹತ್ತು ನಿಮಿಷ ಹಾಳು ಮಾಡುವ ಸಿನಿಮಾಗಳನ್ನು ನೋಡಿದ್ದೇನೆ. ಯಾವ ಮಗುವೂ ಅದನ್ನು ಕೇಳುವುದಿಲ್ಲ.

ನಾಯಿ ಏನು ಮಾತಾಡಿದರೆ ನಗು ಬರುತ್ತದೆ?

ನಾಯಿಯ ಹಾಗೆ ಮಾತಾಡಿದರೆ. ಸೋತ ಸಿನಿಮಾಗಳಲ್ಲಿ ಮನುಷ್ಯರ ಜೋಕನ್ನೇ ನಾಯಿಯ ಬಾಯಿಗೆ ಹಾಕಿರುತ್ತಾರೆ. ಹಿಟ್ ಸಿನಿಮಾದ ಡೈಲಾಗು, ಎರಡರ್ಥದ ಮಾತು, ಹೆಂಡತಿಯ ಮೇಲಿನ ಹಳೆ ಜೋಕು. ಅದಕ್ಕೆ ನಾಯಿ ಯಾಕೆ ಬೇಕಿತ್ತು?

ನಾಯಿಗೆ ಪ್ರಪಂಚ ಮೂಗಿನ ಮೂಲಕ ಬರುತ್ತದೆ. ಯಾರು ಬಂದಿದ್ದರು, ಎಷ್ಟು ಹೊತ್ತಾಯಿತು, ಹೆದರಿದ್ದರಾ, ಎಲ್ಲ ಅದಕ್ಕೆ ವಾಸನೆಯಲ್ಲೇ ಗೊತ್ತಾಗುತ್ತದೆ. ಆದರೆ ಅದಕ್ಕೆ ಮುಖ್ಯ ಅನ್ನಿಸುವ ವಿಷಯವೇ ಬೇರೆ. ನಾನು ಬರವಣಿಗೆ ಕಲಿಯುವವರಿಗೆ ಕೊಡುವ ಒಂದು ಉದಾಹರಣೆ ಇದು. ಅಪ್ಪ ಎರಡು ದಿನ ಎಲ್ಲೋ ಹೋಗಿ ಮನೆಗೆ ಬಂದಿದ್ದಾರೆ. ನಾಯಿ ಅವರ ಪ್ಯಾಂಟು ಮೂಸುತ್ತದೆ.

"ಅಪ್ಪ ಎಲ್ಲಿಗೆ ಹೋಗಿದ್ರು, ಹೇಳೋ" ಅಂತ ಹುಡುಗ ಕೇಳುತ್ತಾನೆ.

"ಎಲ್ಲಿಗೋ ಗೊತ್ತಿಲ್ಲ. ಆದ್ರೆ ಅಲ್ಲೊಂದು ನಾಯಿ ಇತ್ತು. ಅದರ ತಲೆ ಸವರಿದ್ದಾರೆ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ಸಲ."

ಇಲ್ಲಿ ಜೋಕು ಅಂತ ಏನೂ ಇಲ್ಲ. ಹುಡುಗನ ಚಿಂತೆ ಒಂದು, ನಾಯಿಯ ಚಿಂತೆ ಇನ್ನೊಂದು. ಕಾಲಿಂಗ್ ಬೆಲ್, ಪೊರಕೆ, ಸ್ನಾನದ ಬಕೆಟ್, ತಾನು ಹತ್ತಬಾರದ ಸೋಫಾ, ಇವನ್ನೆಲ್ಲ ನಾಯಿಯ ಕಡೆಯಿಂದ ಯೋಚಿಸಿ ನೋಡಿ. ಒಂದು ವಾರ ನಿಮ್ಮ ಮನೆಯ ಅಥವಾ ಗೆಳೆಯರ ಮನೆಯ ನಾಯಿಯನ್ನು ನೋಡುತ್ತಾ ಪುಸ್ತಕದಲ್ಲಿ ಬರೆದುಕೊಳ್ಳಿ. ಅರ್ಧ ಸ್ಕ್ರಿಪ್ಟು ಅಲ್ಲೇ ಸಿಗುತ್ತದೆ.

ಮಾತು ಕಡಿಮೆ ಇರಲಿ. ಒಂದೇ ಸಮನೆ ವಟಗುಟ್ಟುವ ನಾಯಿ ಬೇಗ ಬೇಜಾರು ಬರಿಸುತ್ತದೆ.

ಯಾವ ಜಾತಿಯ ನಾಯಿ ಆರಿಸಬೇಕು?

ಜಾತಿಗಿಂತ ಸ್ವಭಾವ ನೋಡಿ. ಹೊಸ ಜನ, ಲೈಟು, ಸದ್ದು ಕಂಡರೆ ಮುದುಡಿಕೊಳ್ಳದ, ಒಬ್ಬರ ಮುಖ ನೋಡುತ್ತಾ ಕೂರಬಲ್ಲ ನಾಯಿ ಬೇಕು. ಕ್ಯಾಮೆರಾದವರ ಕಡೆಯಿಂದ ಹೇಳುವುದಾದರೆ, ಪೂರ್ತಿ ಕಪ್ಪು ನಾಯಿಗೆ ಲೈಟಿಂಗ್ ಕಷ್ಟ, ಹುಬ್ಬು ಕಣ್ಣಿನ ಆಟ ಕಾಣುವುದಿಲ್ಲ. ಕಣ್ಣಿನ ಮೇಲೆ ಕೂದಲು ಇಳಿಬಿದ್ದ ನಾಯಿಯೂ ಹಾಗೇ. ಹುಬ್ಬಿನ ಜಾಗದಲ್ಲಿ ತಿಳಿ ಬಣ್ಣದ ಚುಕ್ಕೆ ಇರುವ ನಾಯಿ ಸಿಕ್ಕರೆ ಅದೃಷ್ಟ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಸಿನಿಮಾದಲ್ಲಿ ಒಂದು ಜಾತಿಯ ನಾಯಿ ಮುದ್ದಾಗಿ ಕಂಡರೆ ಜನ ಅದನ್ನೇ ಕೊಳ್ಳಲು ಹೊರಡುತ್ತಾರೆ. ಅಮೆರಿಕದ ನಾಯಿ ನೋಂದಣಿಯ ಅಂಕಿಗಳನ್ನು ಇಟ್ಟುಕೊಂಡು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಪ್ರಭಾವ 10 ವರ್ಷದವರೆಗೂ ಇರಬಹುದು ಅಂತ ತೋರಿಸಿತು. ಹಾಗೆ ಕೊಂಡ ಎಷ್ಟೋ ನಾಯಿಗಳು ಸಾಕಲಾಗದೆ ಬೀದಿಗೆ ಬೀಳುತ್ತವೆ. ಅದಕ್ಕೇ ನನ್ನ ಆಸೆ, ಮಿಶ್ರ ತಳಿಯ ನಾಯಿಗೇ ಹೀರೋ ಪಾತ್ರ ಕೊಡಿ. 'ಬೆಂಜಿ'ಯಲ್ಲಿ ನಟಿಸಿದ ಹಿಗ್ಗಿನ್ಸ್ ಮಿಶ್ರ ತಳಿಯದ್ದೇ. ತರಬೇತುದಾರ ಫ್ರಾಂಕ್ ಇನ್ ಅದನ್ನು ಅನಾಥ ಪ್ರಾಣಿಗಳ ಆಶ್ರಯದಿಂದ ತಂದಿದ್ದರು. ಆ ಸಿನಿಮಾದ ಹೊತ್ತಿಗೆ ಅದಕ್ಕೆ ವಯಸ್ಸೂ ಆಗಿತ್ತು.

ಮರಿಯನ್ನು ಹಾಕಿದರೆ ಇನ್ನೂ ಮುದ್ದಾಗಿರುತ್ತದಲ್ಲ?

ಮುದ್ದಾಗಿರುತ್ತದೆ, ಆದರೆ ಕೆಲಸಕ್ಕೆ ಬರುವುದಿಲ್ಲ. ಮರಿ ಶೂಟಿಂಗ್ ನಡುವೆಯೇ ಬೆಳೆದುಬಿಡುತ್ತದೆ. 'ಬೇಬ್' ಸಿನಿಮಾದಲ್ಲಿ ಒಂದು ಪಾತ್ರಕ್ಕೆ 48 ಹಂದಿಮರಿಗಳನ್ನು ಬಳಸಬೇಕಾಯಿತು, ಯಾಕೆಂದರೆ ಅವು ಅಷ್ಟು ಬೇಗ ದೊಡ್ಡವಾಗುತ್ತಿದ್ದವು. ಲಸಿಕೆ ಪೂರ್ತಿ ಆಗದ ಮರಿಯನ್ನು ಜನಜಂಗುಳಿಗೆ ತರುವುದೂ ತಪ್ಪು. ಎರಡು ವರ್ಷ ದಾಟಿದ, ಕಲಿತ ನಾಯಿ ಒಳ್ಳೆಯದು.

ಒಂದೇ ನಾಯಿ ಸಾಕಾ?

ಸಾಧ್ಯವಾದರೆ ನೋಡಲು ಒಂದೇ ಥರ ಇರುವ ಎರಡು ನಾಯಿ ಇರಲಿ. ಒಂದು ಕೂತು ನೋಡುವುದರಲ್ಲಿ ಜಾಣ, ಇನ್ನೊಂದು ಓಡುವುದು ಹಾರುವುದರಲ್ಲಿ ಜಾಣ. ಒಂದೇ ಇದ್ದರೆ ಅದರ ಕೆಲಸವನ್ನು ಬೆಳಗಿನ ತಂಪು ಹೊತ್ತಿಗೆ ಇಟ್ಟುಕೊಳ್ಳಿ.

ಸೆಟ್‌ನಲ್ಲಿ ನಾಯಿ ಮಾತು ಕೇಳದಿದ್ದರೆ?

ಸಾಮಾನ್ಯವಾಗಿ ತಪ್ಪು ನಮ್ಮದೇ ಇರುತ್ತದೆ. ನಾಯಿ ನೋಡುವುದು ತರಬೇತುದಾರರ ಕೈಯನ್ನು. ಕಥೆಯಲ್ಲಿ ಹುಡುಗ ಬಲಗಡೆ ಇದ್ದು, ತಿಂಡಿ ಹಿಡಿದವರು ಕ್ಯಾಮೆರಾದ ಎಡಕ್ಕೆ ನಿಂತರೆ, ನಾಯಿ ಗೋಡೆಯ ಜೊತೆ ಮಾತಾಡಿದ ಹಾಗೆ ಕಾಣುತ್ತದೆ. ಎಡಿಟಿಂಗ್‌ನಲ್ಲಿ ಇದನ್ನು ಸರಿ ಮಾಡಲು ಆಗುವುದಿಲ್ಲ. ಇಂಥ ಶಾಟುಗಳನ್ನು ನಾನು ಎಷ್ಟು ಬಿಸಾಡಿದ್ದೇನೋ ಲೆಕ್ಕವಿಲ್ಲ.

ನೋಟ ಸೆಳೆಯಲು ಚೆಂಡು ಬಳಸುವುದಾದರೆ ನೀಲಿ ಅಥವಾ ಹಳದಿ ಚೆಂಡು ತನ್ನಿ. ನಾಯಿಗೆ ಆ ಎರಡು ಬಣ್ಣ ಚೆನ್ನಾಗಿ ಕಾಣುತ್ತವೆ. ಕೆಂಪು ಅದಕ್ಕೆ ಮಂಕು ಮಂಕು. ಕಿವಿಯ ವಿಷಯವೂ ಬೇರೆ. ನಮಗೆ ಹೆಚ್ಚೆಂದರೆ 20,000 ಹರ್ಟ್ಜ್‌ವರೆಗೆ ಕೇಳುತ್ತದೆ, ನಾಯಿಗೆ ಸುಮಾರು 45,000 ಹರ್ಟ್ಜ್‌ವರೆಗೆ. ನಮಗೆ ನಿಶ್ಶಬ್ದ ಅನ್ನಿಸುವ ಲೈಟು, ಚಾರ್ಜರು ಅದಕ್ಕೆ ಕೀರಲು ಸದ್ದು ಮಾಡುತ್ತಿರಬಹುದು. ನಾಯಿ ಒಂದು ಮೂಲೆಗೆ ಹೋಗಲು ಒಪ್ಪದಿದ್ದರೆ ಅಲ್ಲಿರುವ ಸಾಮಾನು ಆಫ್ ಮಾಡಿ ನೋಡಿ.

ಕ್ಯಾಮೆರಾ ನಾಯಿಯ ಕಣ್ಣಿನ ಎತ್ತರಕ್ಕೆ ಇಳಿಯಬೇಕು. ನಿಂತು ತೆಗೆದರೆ ಬರೀ ತಲೆ, ಬೆನ್ನು.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಸಲಹೆ: ಪ್ರತಿ ಕೋಣೆಯಲ್ಲೂ, ಅದೇ ಲೈಟಿಂಗ್ ಇರುವಾಗ, ಒಂದು ಅರ್ಧ ಗಂಟೆ ನಾಯಿಯ ರಿಯಾಕ್ಷನ್‌ಗಳನ್ನು ಮಾತ್ರ ತೆಗೆಯಿರಿ. ಎಡಕ್ಕೆ ನೋಡುವುದು, ಬಲಕ್ಕೆ ನೋಡುವುದು, ತಲೆ ಓರೆ ಮಾಡುವುದು, ಮೂಸುವುದು, ಕೆರೆದುಕೊಳ್ಳುವುದು, ಎದ್ದು ಹೊರಟುಹೋಗುವುದು. ಎದ್ದು ಹೊರಟುಹೋಗುವ ಶಾಟನ್ನಂತೂ ಮರೆಯಬೇಡಿ. ಮನುಷ್ಯರ ದಡ್ಡ ಮಾತಿಗೆ ಅದಕ್ಕಿಂತ ಒಳ್ಳೆ ಉತ್ತರ ಇಲ್ಲ.

ಎದುರಿಗಿರುವ ನಟರು ಯಾರ ಜೊತೆ ಮಾತಾಡುತ್ತಾರೆ?

ನಾಯಿಯ ಶಾಟ್ ತೆಗೆಯುವಾಗ ತರಬೇತುದಾರರು ಜೋರಾಗಿ ಕರೆಯಬಹುದು, ಹೇಗಿದ್ದರೂ ಆ ದನಿ ಉಳಿಯುವುದಿಲ್ಲ. ಹುಡುಗನ ಶಾಟನ್ನು ಬೇರೆಯಾಗಿ ತೆಗೆಯುತ್ತಾರೆ. ಆಗ ಒಬ್ಬರು ನಾಯಿಯ ಎತ್ತರಕ್ಕೆ ನೆಲದ ಮೇಲೆ ಕೂತು ನಾಯಿಯ ಸಾಲುಗಳನ್ನು ಓದಬೇಕು. ಅವರು ಸುಮ್ನೆ ಓದಬಾರದು, ನಟಿಸಬೇಕು. ಮಗು ಚೆನ್ನಾಗಿ ನಟಿಸುವುದು ಆ ದನಿಯನ್ನು ನಂಬಿ.

ನಾಯಿಗೆ ದನಿ ಯಾರು ಕೊಡಬೇಕು? ಯಾವಾಗ ರೆಕಾರ್ಡ್ ಮಾಡಬೇಕು?

ಗ್ರಾಫಿಕ್ಸ್ ಬಾಯಿ ಇರುವ ಸಾಲುಗಳನ್ನು ಮೊದಲೇ ರೆಕಾರ್ಡ್ ಮಾಡಬೇಕು, ಬಾಯಿಯನ್ನು ದನಿಗೆ ಹೊಂದಿಸುತ್ತಾರೆ. ಉಳಿದದ್ದಕ್ಕೆ ಪೈಲಟ್ ಟ್ರ್ಯಾಕ್, ಅಂದರೆ ಸದ್ಯಕ್ಕೆ ಓದಿಸಿದ ತಾತ್ಕಾಲಿಕ ದನಿ, ಇಟ್ಟುಕೊಂಡು ಎಡಿಟ್ ಮುಗಿಸಿ, ಕೊನೆಗೆ ಡಬ್ಬಿಂಗ್ ಮಾಡಿ.

ಹೆಸರಾಂತ ನಟರ ದನಿಗೇ ದುಡ್ಡೆಲ್ಲ ಸುರಿಯಬೇಡಿ. ನಾಟಕದವರು, ರೇಡಿಯೋದವರು ಎಷ್ಟೋ ಸಲ ಚೆನ್ನಾಗಿ ಮಾಡುತ್ತಾರೆ. ಕಾರ್ಟೂನ್ ಥರ ಕೀಚು ದನಿ ಬೇಡ. ಮನೆಯಲ್ಲಿ ದಿನಾ ಕೇಳುವ, ಸ್ವಲ್ಪ ಒರಟು, ಪ್ರೀತಿ ಇರುವ ದನಿ ಸಾಕು. ಮಾತಿನ ಮೊದಲು ಒಂದು ಸಣ್ಣ ಉಸಿರು, ಮೂಗಿನ 'ಹ್ಮ್' ಇರಲಿ. ಅದು ಶಾಟಿನಲ್ಲಿರುವ ನಾಯಿಯ ಉಸಿರಿನ ಜೊತೆ ಸೇರಿದಾಗ ದನಿ ಆ ಮೈಯಿಂದಲೇ ಬಂದ ಹಾಗೆ ಕೇಳುತ್ತದೆ.

ನಾಯಿಗೆ ತೊಂದರೆ ಆಗಿಲ್ಲ ಅಂತ ಗೊತ್ತಾಗುವುದು ಹೇಗೆ?

1939ರ ಒಂದು ಹಾಲಿವುಡ್ ಸಿನಿಮಾದ ಶೂಟಿಂಗ್‌ನಲ್ಲಿ ಎತ್ತರದಿಂದ ಬಿದ್ದು ಕುದುರೆ ಸತ್ತಿತು. ಜನ ಕೋಪಗೊಂಡರು. ಮುಂದಿನ ವರ್ಷದಿಂದ ಅಮೆರಿಕನ್ ಹ್ಯೂಮೇನ್ ಅನ್ನುವ ಪ್ರಾಣಿ ರಕ್ಷಣೆಯ ಸಂಸ್ಥೆ ಸೆಟ್‌ಗಳಿಗೆ ಹೋಗಿ ನೋಡಿಕೊಳ್ಳಲು ಶುರು ಮಾಡಿತು. ಪ್ರಾಣಿಗಳಿಗೆ ಹಾನಿಯಾಗಿಲ್ಲ ಅನ್ನುವ ಕೊನೆಯ ಸಾಲು ಮೊದಲು ಬಂದದ್ದು 1972ರ 'ದ ಡಾಬರ್‌ಮನ್ ಗ್ಯಾಂಗ್' ಸಿನಿಮಾದಲ್ಲಿ. ಅದೂ ಕಡಿಮೆ ಖರ್ಚಿನ ನಾಯಿ ಸಿನಿಮಾನೇ. ಈಗ ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ನಿಯಮ, ಅನುಮತಿ ಇವೆ. ಶೂಟಿಂಗ್‌ಗೆ ಮೊದಲೇ ವಿಚಾರಿಸಿ.

ನಿಯಮಕ್ಕಿಂತ ಹೆಚ್ಚಾಗಿ ನಾಯಿಯನ್ನು ನೋಡಲು ಕಲಿಯಿರಿ. ನಿದ್ದೆ ಇಲ್ಲದೆ ಆಕಳಿಸುವುದು, ಪದೇ ಪದೇ ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಭಾಗ ಕಾಣುವ ಹಾಗೆ ನೋಡುವುದು, ಇವೆಲ್ಲ ಸಾಕಾಯಿತು ಅನ್ನುವ ಮಾತು. ಆ ಕ್ಷಣವೇ ಬಿಡುವು ಕೊಡಿ.

ಕಾಮಿಡಿಯಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದ ಮುಖ ತುಂಬಾ ಬಳಸುತ್ತಾರೆ. ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಮಡಚಿ. ನಾಯಿಗಳ ವರ್ತನೆ ಅಧ್ಯಯನ ಮಾಡುವ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ನಾಯಿ ತಪ್ಪು ಮಾಡಿತ್ತೋ ಇಲ್ಲವೋ ಅನ್ನುವುದಕ್ಕೂ ಆ ಮುಖಕ್ಕೂ ಸಂಬಂಧ ಕಾಣಲಿಲ್ಲ. ಯಜಮಾನರು ಗದರಿದಾಗ ಅದು ಜಾಸ್ತಿ ಬರುತ್ತಿತ್ತು. ಹಾಗಾಗಿ ಆ ಶಾಟಿಗಾಗಿ ಸೆಟ್‌ನಲ್ಲಿ ನಾಯಿಯನ್ನು ಬೈಯುವವರನ್ನು ನಾನು ತಡೆಯುತ್ತೇನೆ. ತಲೆ ನೆಲಕ್ಕೆ ಇಡುವುದನ್ನು ತಿಂಡಿ ಕೊಟ್ಟು ಕಲಿಸಬಹುದು. ಒಂದು ವಾರದ ಕೆಲಸ.

ಕೊನೆಗೆ ನಾಯಿ ಸಾಯುತ್ತದಾ?

ಇದನ್ನು ಕೇಳುವ ತಂದೆ ತಾಯಿಯರು ತುಂಬಾ ಜನ. ಫ್ಯಾಮಿಲಿ ಕಾಮಿಡಿಯಲ್ಲಿ ಸಾಮಾನ್ಯವಾಗಿ ಸಾಯುವುದಿಲ್ಲ, ಸಾಯಲೂಬಾರದು. ಕಳೆದುಹೋಗುವುದು, ಸಿಗುವುದು ಇರಲಿ. ತೆಗೆಯುವವರು ಮಕ್ಕಳನ್ನು ಅಳಿಸಲೆಂದೇ ನಾಯಿ ಸತ್ತ ಹಾಗೆ ತೋರಿಸಿ ಮತ್ತೆ ಬದುಕಿಸುವ ಆಟ ಆಡಬೇಡಿ. ಐದು ವರ್ಷದ ಮಗುವಿಗೆ ಆ ಎರಡು ನಿಮಿಷ ನಿಜವೇ. ಅನುಮಾನ ಇದ್ದರೆ ದೊಡ್ಡವರು ಮೊದಲು ನೋಡಿ, ಆಮೇಲೆ ಮಕ್ಕಳಿಗೆ ತೋರಿಸಿ.

ಎಷ್ಟು ಉದ್ದ ಇರಬೇಕು?

80ರಿಂದ 90 ನಿಮಿಷ. ಅದಕ್ಕಿಂತ ಜಾಸ್ತಿ ಆದರೆ ಚಿಕ್ಕವರು ಎದ್ದು ಓಡಾಡಲು ಶುರು ಮಾಡುತ್ತಾರೆ.

ಬೇರೆ ಭಾಷೆಗೆ ಡಬ್ ಮಾಡಬಹುದಾ?

ಆರಾಮಾಗಿ. ಬಾಯಿ ಆಡದ ನಾಯಿಗೆ ಯಾವ ಭಾಷೆಯೂ ಹೊಂದುತ್ತದೆ. ಬಾಯಿ ಆಡಿಸಿದ್ದರೆ ಮಾತ್ರ ಪ-ಬ-ಮ ತಂಟೆ ಮತ್ತೆ ಬರುತ್ತದೆ. ಅನುವಾದ ಮಾಡುವವರಿಗೆ ಜೋಕಿನ ಪದ ಬೇಡ, ಜೋಕಿನ ಸಂದರ್ಭ ಹೇಳಿ.

ನಮ್ಮನೆ ನಾಯಿಯನ್ನೇ ಹಾಕಿ ಚಿಕ್ಕ ಸಿನಿಮಾ ಮಾಡಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡಲಿ?

ಫೋನ್ ಕ್ಯಾಮೆರಾ ಸಾಕು. ಮೊದಲ ದಿನ ಬರೆಯಬೇಡಿ, ಲೈಟು ಹಾಕಬೇಡಿ. ನೆಲದ ಮೇಲೆ ಕೂತು, ಫೋನನ್ನು ನಾಯಿಯ ಕಣ್ಣಿನ ಎತ್ತರಕ್ಕೆ ಒರಗಿಸಿ, ಮನೆಯವರು ಒಬ್ಬೊಬ್ಬರಾಗಿ ಹೊರಗಿನಿಂದ ಬರುವಾಗ ಅದರ ಮುಖ ತೆಗೆಯಿರಿ. ಅಮ್ಮ ಬಂದಾಗ ಒಂದು ಮುಖ, ಅಣ್ಣ ಬಂದಾಗ ಇನ್ನೊಂದು, ನೆಂಟರು ಬಂದಾಗ ಮತ್ತೊಂದು. ಸಂಜೆ ಎಲ್ಲರೂ ಕೂತು ಸದ್ದು ತೆಗೆದು ಆ ಶಾಟುಗಳನ್ನು ನೋಡಿ, ಪ್ರತಿಯೊಂದಕ್ಕೂ ನಾಯಿ ಏನಂದಿತು ಅಂತ ಒಬ್ಬೊಬ್ಬರೂ ಒಂದು ಸಾಲು ಹೇಳಿ. ಚಿಕ್ಕವರ ಸಾಲುಗಳನ್ನು ಮೊದಲು ಬರೆದುಕೊಳ್ಳಿ. ಮಾರನೇ ದಿನ ಅದರಲ್ಲಿ ಚೆನ್ನಾಗಿರುವ ಆರು ಸಾಲು ಆರಿಸಿ, ಹೊದಿಕೆಯೊಳಗೆ ಕೂತು ಸದ್ದಿಲ್ಲದ ಹೊತ್ತಲ್ಲಿ ರೆಕಾರ್ಡ್ ಮಾಡಿ, ಶಾಟಿನ ಮೇಲೆ ಕೂರಿಸಿ. ನಾಯಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ತನ್ನ ಕಡೆಯಿಂದ ಬರುವ ದನಿಗೆ ಅದು ತಲೆ ಓರೆ ಮಾಡಿದರೆ, ಅದನ್ನೂ ತೆಗೆದಿಟ್ಟುಕೊಳ್ಳಿ. ಏಳನೇ ಶಾಟ್ ಸಿಕ್ಕಿತು.